ಹನ್ನೊಂದು ಮನೆ, ಒಂದು ಟೆಂಟು

ನನ್ನ ಸೋದರಮಾವನಿಗೆ ಜರಗನಹಳ್ಳಿಯಲ್ಲಿ ಹನ್ನೊಂದು ಮನೆಗಳಿವೆ. ಹತ್ತರಲ್ಲಿ ಬಾಡಿಗೆಯವರಿದ್ದಾರೆ, ಒಂದರಲ್ಲಿ ಅತ್ತೆ ಇದ್ದಾಳೆ. ಶನಿವಾರ ಬಂತೆಂದರೆ ಮಾವ ಮಾತ್ರ ಸೂರಿಲ್ಲದವನ ಹಾಗೆ ಸೈಕಲ್ಲಿಗೆ ಗಂಟುಮೂಟೆ ಕಟ್ಟಿಕೊಂಡು ಹೋಗಿ ಕೆರೆಯ ಪಕ್ಕ ಟೆಂಟು ಹಾಕಿ ಮಲಗುತ್ತಾನೆ! ವಯಸ್ಸು ಅರವತ್ತೊಂದು. ತಲೆ ನೆಟ್ಟಗಿದೆಯೇ ಎಂದು ನೀವು ಕೇಳಬಹುದು. ಅತ್ತೆಯೂ ಕೇಳುತ್ತಾಳೆ. ಉತ್ತರ ಯಾರಿಗೂ ಸಿಕ್ಕಿಲ್ಲ.

(ಮಾವನಿಗೆ ನಾನು ಬಹುವಚನ ಬಳಸುವುದಿಲ್ಲ. ಒಂದು ಸಲ ‘ಬನ್ನಿ ಮಾವ’ ಎಂದೆ. ತನ್ನ ಹಿಂದೆ ಬೇರೆ ಯಾರೋ ಬಂದಿರಬೇಕೆಂದು ತಿರುಗಿ ನೋಡಿದ.)

ಇದೆಲ್ಲ ಶುರುವಾದದ್ದು ಸಕ್ಕರೆ ಕಾಯಿಲೆಯಿಂದ. ದಿನಕ್ಕೆ ಅರ್ಧ ಗಂಟೆ ಸೈಕಲ್ ತುಳಿಯಿರಿ ಎಂದು ಡಾಕ್ಟರು ಹೇಳಿದರು. ದಿನವೂ ಅರ್ಧ ಗಂಟೆ ಯಾವ ಕೆಲಸವನ್ನೂ ಮಾಡಿ ಅಭ್ಯಾಸವಿಲ್ಲದ ಮಾವ, ವಾರದ ಅರ್ಧರ್ಧ ಗಂಟೆಗಳನ್ನೆಲ್ಲ ಒಟ್ಟುಗೂಡಿಸಿ ಶನಿವಾರ ಒಂದೇ ಏಟಿಗೆ ಮುಗಿಸುವುದೆಂದು ತೀರ್ಮಾನಿಸಿದ. ಅಟ್ಟದ ಮೇಲಿಂದ ತಾತನ ಕಾಲದ ಕರಿ ಡಬಲ್ ಬಾರ್ ಸೈಕಲ್ ಇಳಿಯಿತು. ಅದೇ ವಾರ ಮೂರನೇ ಮಹಡಿಯ ಬ್ಯಾಚುಲರ್ ಹುಡುಗನೊಬ್ಬ ಮನೆ ಖಾಲಿ ಮಾಡಿ ಹೋಗುವಾಗ ಮೂಲೆಯಲ್ಲಿ ಹಸಿರು ಚೀಲವೊಂದನ್ನು ಬಿಟ್ಟುಹೋಗಿದ್ದ. ಬಿಚ್ಚಿದರೆ ಟೆಂಟು. ಮಾವ ಅದನ್ನು ಭಾರಿ ಸೊಳ್ಳೆಪರದೆ ಎಂದುಕೊಂಡು ತಾರಸಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿದ. ಅತ್ತೆ ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಸಂಡಿಗೆ ಹಾಕಿಬಿಟ್ಟಳು. ಈಗಲೂ ಮಳೆ ಬಂದರೆ ಆ ಟೆಂಟಿನೊಳಗೆ ಇಂಗು ಜೀರಿಗೆಯ ವಾಸನೆ ಏಳುತ್ತದೆ.

ಹೋಗುವ ಜಾಗ ಅಂಜನಾಪುರದ ಆಚೆಗಿನ ಒಂದು ಕೆರೆ. ಹೆಸರು ಹೇಳುವುದಿಲ್ಲ, ಹೇಳಿದರೆ ಮುಂದಿನ ಭಾನುವಾರ ನೀವೆಲ್ಲ ಅಲ್ಲಿರುತ್ತೀರಿ. ಕೆರೆಯ ಸುತ್ತ ಮಣ್ಣಿನ ದಾರಿ, ಒಂದು ಪಕ್ಕ ಬೇಲಿ. ಬೇಲಿಯ ಆಚೆ ಮಾವನ ಹಳೆಯ ಸ್ನೇಹಿತನೊಬ್ಬನ ಸಪೋಟ ತೋಟ. ಕೆರೆಯಂಗಳದಲ್ಲಿ ಟೆಂಟು ಹಾಕಲು ಕಾವಲುಗಾರ ಬಿಡುವುದಿಲ್ಲವಾದ್ದರಿಂದ ಮಾವನ ಟೆಂಟು ಬೇಲಿಗೆ ಅಂಟಿಕೊಂಡು ತೋಟದೊಳಗಿರುತ್ತದೆ, ಮಲಗಿದಾಗ ಅವನ ಕಾಲುಗಳು ಮಾತ್ರ ಕೆರೆಯ ಕಡೆಗೆ ಚಾಚಿಕೊಂಡಿರುತ್ತವೆ.

ಸಾಮಾನಿನ ವಿಚಾರ ಹೇಳಲೇಬೇಕು. ಈ ಕ್ಯಾಂಪಿಂಗ್ ಬಲ್ಲವರು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಮುರಿದು ತೂಕ ಉಳಿಸುತ್ತಾರಂತೆ. ನಮ್ಮ ಮಾವ ಚಿಕ್ಕ ಸಿಲಿಂಡರ್ ಸ್ಟೌ, ರಾಗಿ ಹಿಟ್ಟು, ಮುದ್ದೆ ಕೋಲು, ಉಪ್ಸಾರಿನ ಖಾರದ ಡಬ್ಬಿ, ಹತ್ತಿಯ ದಿಂಬು, ಇಷ್ಟರ ಮೇಲೆ ಒಂದು ಕೆಂಪು ಪ್ಲಾಸ್ಟಿಕ್ ಚೇರನ್ನೂ ಕಟ್ಟಿಕೊಂಡು ಹೊರಡುತ್ತಾನೆ. ನೆಲದ ಮೇಲೆ ಕೂರಬಾರದೇ ಎಂದರೆ, ಓನರ್ ಆದವನು ನೆಲದ ಮೇಲೆ ಕೂರುತ್ತಾನೆಯೇ ಎಂದು ನನ್ನನ್ನೇ ಕೇಳಿದ. ನೆಲದ ಮೇಲೆ ಮಲಗಬಹುದಂತೆ, ಕೂರಬಾರದಂತೆ!

ಈ ಚೇರಿನಿಂದಾಗಿ ಕನಕಪುರ ರಸ್ತೆಯ ಸಿಗ್ನಲ್ಲಿನಲ್ಲಿ ಮಾವನನ್ನು ಮನೆಮನೆಗೆ ಚೇರು ಮಾರುವವನೆಂದೇ ಜನ ತಿಳಿದಿದ್ದಾರೆ. ಆಟೋದಿಂದ ತಲೆ ಹೊರಗೆ ಹಾಕಿ ರೇಟು ಕೇಳುತ್ತಾರೆ. ಮೊದಮೊದಲು ಮಾವನಿಗೆ ಅವಮಾನವಾಗುತ್ತಿತ್ತು. ಆಮೇಲೆ ಒಂದು ದಿನ ಒಬ್ಬ ಹೆಂಗಸು ಬಹಳ ಒತ್ತಾಯ ಮಾಡಿದಳೆಂದು ಮಾರಿಯೇ ಬಿಟ್ಟ. ಆ ಶನಿವಾರ ಪೂರ್ತಿ ಸಿಲಿಂಡರಿನ ಮೇಲೆ ಕೂತಿದ್ದನಂತೆ. ಮುಂದಿನ ವಾರ ಅಂಥದ್ದೇ ಇನ್ನೊಂದು ಕೆಂಪು ಚೇರು ಬಂತು.

ಕೆರೆಯ ದಾರಿಯಲ್ಲಿ ಜೆ.ಪಿ. ನಗರದ ಕಡೆಯ ಹುಡುಗರ ಗುಂಪೊಂದು ಸೈಕಲ್ ಓಡಿಸಲು ಬರುತ್ತದೆ. ಮೈಗಂಟಿದ ಬಟ್ಟೆ, ಬಣ್ಣದ ಕನ್ನಡಕ, ತಲೆಗೆ ಅಣಬೆಯಂಥ ಹೆಲ್ಮೆಟ್ಟು. ಅವರ ಕೈಗಡಿಯಾರ ಎದೆಬಡಿತದಿಂದ ಹಿಡಿದು ನಿನ್ನೆ ಎಷ್ಟು ಹೊತ್ತು ನಿದ್ದೆ ಮಾಡಿದರು ಎಂಬುದರ ತನಕ ಎಲ್ಲವನ್ನೂ ಹೇಳುತ್ತದೆ. ಅವರಲ್ಲೊಬ್ಬ ಮಾವನ ಸೈಕಲ್ಲಿನ ತೂಕ ನೋಡಿ ಬೆರಗಾಗಿ ಕೇಳಿದ:

“ಅಂಕಲ್, ಮನೆಯಿಂದ ಇಲ್ಲಿಗೆ ಎಷ್ಟು ಡಿಸ್ಟೆನ್ಸು?”

“ಎರಡು ಟೀ.”

“ಅಂದ್ರೆ?”

“ದಾರೀಲಿ ಎರಡು ಸಲ ಟೀ ಕುಡಿದ್ರೆ ಕೆರೆ ಬರುತ್ತೆ. ಎದುರು ಗಾಳಿ ಇದ್ರೆ ಮೂರು.”

ಮಾವ ಅವರ ಪಂಕ್ಚರು ನೋಡಿಕೊಡುತ್ತಾನೆ, ಮುದ್ದೆ ಕೊಡುತ್ತಾನೆ, ಅಗಿಯಬೇಡಿ ನುಂಗಿ ಎಂದು ಪಾಠ ಹೇಳುತ್ತಾನೆ. ಒಬ್ಬ ಮಾತು ಕೇಳದೆ ಅಗಿದ. ಅವನ ದವಡೆ ಅಂಟಿಕೊಂಡಿತು. ಗಡಿಯಾರ ಎದೆಬಡಿತ ಹೆಚ್ಚಾಗಿದೆ ಎಂದು ಕೂಗತೊಡಗಿತು.

ಬಾಡಿಗೆಯವರೂ ಸುಮ್ಮನಿಲ್ಲ. ನಲ್ಲಿ ಸೋರಿದರೆ, ಮೋಟಾರು ಕೈಕೊಟ್ಟರೆ ಫೋನು ಮಾಡುತ್ತಾರೆ. ಮಾವ ಎತ್ತುವುದಿಲ್ಲ. ಒಂದು ಭಾನುವಾರ ಎರಡನೇ ಮಹಡಿಯವರು ಸಿಟ್ಟಿನಿಂದ ಪ್ಲಂಬರನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕೆರೆಗೇ ಬಂದುಬಿಟ್ಟರು. ಮಾವ ಪೈಪಿನ ನಕ್ಷೆಯನ್ನು ಮಣ್ಣಿನಲ್ಲಿ ಮುದ್ದೆ ಕೋಲಿನಿಂದಲೇ ಬರೆದು ತೋರಿಸಿದ, ಎಲ್ಲರಿಗೂ ಉಪ್ಸಾರು ಬಡಿಸಿದ. ಅಂದಿನಿಂದ ಆ ಮನೆಯವರ ನಲ್ಲಿಗಳು ಭಾನುವಾರ ಮಾತ್ರ ಸೋರುತ್ತವೆ.

ಹೀಗೆ ಪ್ಲಂಬರನೂ ಉಂಡು ಹೋದ ಆ ಟೆಂಟಿಗೆ ಬಾರದವರು ಇಬ್ಬರೇ. ಒಬ್ಬಳು ಅತ್ತೆ. ಹನ್ನೊಂದು ಮನೆ ಇಟ್ಟುಕೊಂಡು ಬಯಲಿನಲ್ಲಿ ಬಿದ್ದುಕೊಳ್ಳಲು ತನಗೇನು ಗ್ರಹಚಾರ ಎಂಬುದು ಅವಳ ವಾದ. ಇನ್ನೊಬ್ಬಳು ಮಾವನ ಅಕ್ಕ, ಅಂದರೆ ನನ್ನ ಅಮ್ಮ. ಅವಳ ವಾದ ಬೇರೆ, ಅದಕ್ಕೆ ಹದಿನಾಲ್ಕು ವರ್ಷದ ಇತಿಹಾಸವಿದೆ. ಅದರ ಕಾರಣ ನಾನು.

ನಾನು ಬಿ.ಕಾಂ. ಇದನ್ನು ಎಲ್ಲಿ ತೂರಿಸಲಿ ಎಂದು ಮೊದಲ ಸಾಲಿನಿಂದಲೂ ಜಾಗ ನೋಡುತ್ತಿದ್ದೆ! ನಮ್ಮ ಅಪ್ಪನ ಕಡೆ, ಅಮ್ಮನ ಕಡೆ, ಎರಡೂ ಕಡೆ ಹುಡುಕಿದರೂ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಅಮ್ಮ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತಾತ ಅಜ್ಜಿ ಬೆಳಗಾದರೆ ಹೊಲಕ್ಕೆ ಹೋಗುತ್ತಿದ್ದರು, ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳಲು ಯಾರಾದರೂ ಬೇಕಿತ್ತು. ಅವನಿಗೆ ಮೀಸಿ, ಉಣ್ಣಿಸಿ, ತಲೆ ಬಾಚಿ, ಸ್ಲೇಟು ಕೈಗಿತ್ತು ಶಾಲೆಯ ಬಾಗಿಲ ತನಕ ಬಿಟ್ಟು ಬರುವುದು ಹತ್ತು ವರ್ಷದ ಹುಡುಗಿಯ ಕೆಲಸ. ಹಾಗೆ ಕಳಿಸಿದ ತಮ್ಮ ಎಸ್ಸೆಸ್ಸೆಲ್ಸಿಯನ್ನು ಎರಡು ಸಲ ಬರೆದು, ಎರಡು ಸಲವೂ ಗಣಿತದ ಮುಂದೆ ಕೈಮುಗಿದು ಹಿಂದೆ ಬಂದ.

ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಗೌರಿ ಹಬ್ಬಕ್ಕೆ ಮಾವ ಎಂದಿನಂತೆ ಅಕ್ಕನನ್ನು ತವರಿಗೆ ಕರೆದ. ಬಾಗಿನ ತೆಗೆದುಕೊಂಡು ಊಟ ಮಾಡಿ ಬರುವುದೆಂದು ನಾವೂ ಹೋದೆವು. ಎಲೆಯ ಮುಂದೆ ಕೂತ ಮೇಲೆ ಗೊತ್ತಾಯಿತು, ಎದುರು ಸಾಲಿನಲ್ಲಿ ಕೂತು ಪಲ್ಯ ತಿನ್ನುತ್ತಿದ್ದ ಐದು ಜನ ಅಪರಿಚಿತರು ನನ್ನನ್ನು ನೋಡಲು ಬಂದವರು! ಹುಡುಗನಿಗೆ ಹಾರ್ಡ್‌ವೇರ್ ಅಂಗಡಿ. ಕಾರ್ತೀಕದಲ್ಲಿ ಮದುವೆ, ಓದು ಬಿಡಿಸುವುದು ಎಂದು ಮಾವ ಆಗಲೇ ಮಾತು ಕೊಟ್ಟಾಗಿತ್ತು. ಹುಡುಗನೇ ಎಸ್ಸೆಸ್ಸೆಲ್ಸಿ, ಇವಳು ಡಿಗ್ರಿ ತಗೊಂಡು ಏನು ಮಾಡುತ್ತಾಳೆ ಎಂಬುದು ಮಾವನ ಲೆಕ್ಕ. ಅಮ್ಮ ಎಲೆಯಿಂದ ಎದ್ದಳು.

“ನಿನಗೋಸ್ಕರ ನಾನು ಸ್ಕೂಲ್ ಬಿಟ್ಟೆ. ಈಗ ನನ್ನ ಮಗಳೂ ಬಿಡಬೇಕಾ? ನಿನ್ನ ಮನೆ ಹೊಸಿಲು ಇನ್ನು ದಾಟಲ್ಲ ಕಣೋ.”

ಆಗಿನ್ನೂ ಒಬ್ಬಟ್ಟು ಬಡಿಸಿರಲಿಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ಅಮ್ಮನ ಸಿಟ್ಟಿಗೆ ಕಾನೂನು ಪುಸ್ತಕದಷ್ಟು ನಿಯಮಗಳಿವೆ. ತಮ್ಮ ಬನಶಂಕರಿಯ ನಮ್ಮ ಮನೆಗೆ ಬರಬಹುದು, ಕಾಫಿ ಸಿಗುತ್ತದೆ. ಮದುವೆ ಮನೆಗಳಲ್ಲಿ ಪಕ್ಕದಲ್ಲೇ ಕೂತು ಅಡುಗೆಯವರನ್ನು ಇಬ್ಬರೂ ಸೇರಿ ಬೈಯಬಹುದು. ಅವನ ಹೊಸಿಲು ಮಾತ್ರ ಇಲ್ಲ. ಮಾವ ಮೇಲಿನ ಮಹಡಿ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ ಅಮ್ಮ ಬೀದಿಯ ಶಾಮಿಯಾನದಲ್ಲೇ ಕೂತು, ಅಲ್ಲೇ ಉಂಡು, ಉಡುಗೊರೆಯನ್ನು ಗೇಟಿನ ಸರಳುಗಳ ನಡುವೆ ತೂರಿಸಿ ಬಂದಳು. ಜಗಳವಾದಂದಿನಿಂದ ಬಾಗಿನವೂ ಪ್ರತಿ ವರ್ಷ ಮಾವನ ಜೊತೆ ನಮ್ಮ ಮನೆಗೇ ಬರುತ್ತದೆ. ಅಕ್ಕನನ್ನು ತವರಿಗೆ ಕರೆದು ಕೊಡಬೇಕಾದ ಬಾಗಿನವನ್ನು ಪಾರ್ಸೆಲ್ಲಿನಂತೆ ತಲುಪಿಸುವುದು ಮಾವನಿಗೆ ಎಷ್ಟು ಚುಚ್ಚುತ್ತಿತ್ತೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಆದರೆ ‘ತಪ್ಪಾಯಿತು’ ಎಂಬ ಒಂದು ಮಾತು ಅವನ ಬಾಯಿಂದ ಬರಬೇಕಲ್ಲ! ಬಾಡಿಗೆಯವರ ಗೋಡೆ ತಾನಾಗಿ ಬಿದ್ದರೂ ಗೋಡೆಯದ್ದೇ ತಪ್ಪು ಎನ್ನುವ ಮನುಷ್ಯ. ನಮ್ಮ ಅಪ್ಪ ಇದರಲ್ಲಿ ಬಾಯಿ ಹಾಕುವುದಿಲ್ಲ. ಅಕ್ಕತಮ್ಮಂದಿರ ಜಗಳದಲ್ಲಿ ಮೂಗು ತೂರಿಸದಿರುವುದೇ ತನ್ನ ಸುಖ ಸಂಸಾರದ ಗುಟ್ಟು ಎನ್ನುತ್ತಾನೆ.

ಹೊಸ ಹುಚ್ಚು ಹಿಡಿದ ಮೇಲೆ ಮಾವ ಶನಿವಾರ ಬೆಳಿಗ್ಗೆ ಕೆರೆಗೆ ಹೋಗುವ ಮುಂಚೆ ನಮ್ಮ ಗೇಟಿನ ಮುಂದೆ ಬಂದು ಒಂದು ಸಲ ಬೆಲ್ಲು ಹೊಡೆಯುತ್ತಾನೆ. ದಾರಿಯಲ್ಲಿ ಸಿಕ್ಕಿತು, ಬಂದೆ ಎನ್ನುತ್ತಾನೆ. ಜರಗನಹಳ್ಳಿಯಿಂದ ಅಂಜನಾಪುರಕ್ಕೆ ಹೋಗುವವನಿಗೆ ಬನಶಂಕರಿ ಹೇಗೆ ದಾರಿಯಲ್ಲಿ ಸಿಗುತ್ತದೆ? ಪೂರ್ತಿ ಉಲ್ಟಾ! ಅವನ ಅಳತೆಯಲ್ಲೇ ಹೇಳುವುದಾದರೆ ಒಂದೂವರೆ ಟೀ ಉಲ್ಟಾ. ಬೆಲ್ಲು ಕೇಳಿದೊಡನೆ ಅಮ್ಮ ಅಡುಗೆಮನೆಯಿಂದಲೇ, ಬಂದನಾ ಹುಚ್ಚ ಎಂದು ಕೇಳುತ್ತಾಳೆ. ಕೆರೆಗೆ ಬಾ ಅಕ್ಕ ಎನ್ನುತ್ತಾನೆ ಅವನು. ಅವಳು ಒಗ್ಗರಣೆ ಹಾಕುತ್ತಾಳೆ. ಚುಂಯ್ ಎಂಬ ಆ ಸದ್ದೇ ಉತ್ತರ.

ಈ ವರ್ಷ ಗೌರಿ ಹಬ್ಬ ಬಂತು, ಬಾಗಿನ ಬರಲಿಲ್ಲ.

ಅಮ್ಮ ಏನೂ ಆಗದವಳಂತೆ ಹಬ್ಬ ಮಾಡಿದಳು. ಒಬ್ಬಟ್ಟು ತಟ್ಟುತ್ತ ತಟ್ಟುತ್ತ ಗಳಿಗೆಗೊಮ್ಮೆ ಗೇಟಿನ ಬಳಿ ಹೋಗಿ, ಬೀದಿ ನಾಯಿ ಬಂತೇ ಎಂದು ನೋಡಿ ಬಂದಳು. ನಮ್ಮ ಬೀದಿಯ ನಾಯಿಗೆ ಅಷ್ಟು ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ. ಸಂಜೆ ನನ್ನ ಫೋನಿಗೆ ಮಾವ ಫೋನು ಮಾಡಿದ. ಸ್ಪೀಕರಿನಲ್ಲಿ ಹಾಕಿದೆ.

“ಅಕ್ಕ, ಬಾಗಿನ ನನ್ನ ಹತ್ರಾನೇ ಐತೆ. ಭಾನುವಾರ ಬಂದು ಇಸ್ಕೊ.”

“ಎಲ್ಲಿಗೆ?”

“ಕೆರೆ ಹತ್ರ. ಅಲ್ಲಿ ನಂಗೆ ಮನೆ ಇಲ್ಲ. ಮನೇನೇ ಇಲ್ಲ ಅಂದ್ಮೇಲೆ ಹೊಸಿಲು ಎಲ್ಲಿಂದ ಬರ್ತದೆ?”

ಅಮ್ಮ ಫೋನು ಕಿತ್ತುಕೊಂಡು ಕಟ್ ಮಾಡಿದಳು. ಹದಿನಾಲ್ಕು ವರ್ಷ ತಲೆ ಕೆಡಿಸಿಕೊಂಡು ಮಾವ ಕಾನೂನಿನಲ್ಲೊಂದು ತೂತು ಹುಡುಕಿದ್ದ! ಗಣಿತದಲ್ಲಿ ಇಷ್ಟು ತಲೆ ಓಡಿಸಿದ್ದರೆ ನಮ್ಮ ವಂಶದ ಮೊದಲ ಗ್ರಾಜುಯೇಟ್ ಎಂಬ ಬಿರುದು ನನಗೆ ತಪ್ಪಿಹೋಗುತ್ತಿತ್ತು.

ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು ಎದ್ದು ನೋಡಿದರೆ ಅಮ್ಮ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ನನ್ನ ಸ್ಕೂಟರಿನ ಸೀಟು ಒರೆಸುತ್ತಿದ್ದಳು. ಎಲ್ಲಿಗೆ ಎಂದೆ. ಕೆರೆ ನೋಡಿ ಬಹಳ ದಿನವಾಯಿತು, ಗಾಳಿಗೆ ಒಳ್ಳೆಯದಂತೆ ಎಂದಳು. ನಲವತ್ತು ವರ್ಷ ಬನಶಂಕರಿಯಲ್ಲಿದ್ದು ಗಾಳಿಯ ಬಗ್ಗೆ ಒಂದು ಮಾತಾಡದವಳು!

ನಾವು ತೋಟಕ್ಕೆ ಹೋದಾಗ ಮಾವ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ನಿಂತಿದ್ದ. ಟೆಂಟು ಮದುಮಗಳಂತೆ ಸಿಂಗಾರವಾಗಿತ್ತು. ಬಾಯಿಗೆ ಮಾವಿನ ತೋರಣ, ಎದುರಿಗೆ ಮೂರು ಕಾಲಿನ ಯಾವುದೋ ಪ್ರಾಣಿಯಂತಿದ್ದ ರಂಗೋಲಿ. ಅದು ಕಮಲವಂತೆ. ಅಮ್ಮ ಎಲ್ಲವನ್ನೂ ಮೇಲಿಂದ ಕೆಳಕ್ಕೆ ನೋಡಿಕೊಂಡು ಬಂದು ಕೆಳಗೆ ಕಣ್ಣು ನಿಲ್ಲಿಸಿದಳು.

ಟೆಂಟಿನ ಬಾಯಲ್ಲಿ, ಇರುವೆ ಬಾರದಿರಲೆಂದು ಮಾವ ಅಡ್ಡಲಾಗಿ ಒಂದು ಹಲಗೆ ಇಟ್ಟಿದ್ದ. ಅಷ್ಟಕ್ಕೆ ಬಿಟ್ಟಿದ್ದರೆ ಅದು ಹಲಗೆಯಾಗಿಯೇ ಇರುತ್ತಿತ್ತು. ಆದರೆ ಬೆಳಿಗ್ಗೆ ಸ್ನಾನ ಮಾಡಿ ಹಬ್ಬದ ಗುಂಗಿನಲ್ಲಿ, ಕೈಗೆ ಅಭ್ಯಾಸವಾದ ಹಾಗೆ, ಅದಕ್ಕೆ ಅರಿಶಿನ ಬಳಿದು, ಕುಂಕುಮ ಇಟ್ಟು, ಎರಡೂ ತುದಿಗೆ ಹೂವಿಟ್ಟು ಪೂಜೆ ಮಾಡಿಬಿಟ್ಟಿದ್ದ!

“ಹೊಸಿಲಿಲ್ಲ ಅಂದೆ. ಇದೇನೋ?”

ಮಾವ ನೋಡಿದ. ಮುಖದ ಬಣ್ಣ ಇಳಿಯಿತು. ಕಿತ್ತುಹಾಕುತ್ತೇನೆ ಇರು ಎಂದು ಬಗ್ಗಿದ. ಹಬ್ಬದ ವಾರ, ಪೂಜೆ ಮಾಡಿದ ಹೊಸಿಲು ಕೀಳುತ್ತೀಯಾ ಎಂದು ಅಮ್ಮ ಗದರಿದಳು. ಮಾವ ಬಗ್ಗಿದವನು ಬಗ್ಗಿದಂತೆಯೇ ನಿಂತ. ಇಡೀ ಬೆಂಗಳೂರಿನಲ್ಲಿ ಸೊಳ್ಳೆಪರದೆಯಂಥ ಟೆಂಟಿಗೆ ಹೊಸಿಲು ಮಾಡಿ ತನ್ನನ್ನು ತಾನೇ ಕಟ್ಟಿಹಾಕಿಕೊಂಡ ಮನುಷ್ಯ ಅವನೊಬ್ಬನೇ ಇರಬೇಕು. ನನಗೆ ನಗು ತಡೆಯಲಾಗಲಿಲ್ಲ, ಸಪೋಟ ಮರದ ಹಿಂದೆ ಹೋಗಿ ನಕ್ಕು ಬಂದೆ. ವಾಪಸ್ಸು ಬಂದಾಗ ಅಮ್ಮ ಹೊರಗೆ ಕೆಂಪು ಚೇರಿನಲ್ಲಿ ಜಡ್ಜಿನಂತೆ ಕೂತಿದ್ದಳು. ಓನರ್ ಆದವನು ನೆಲದ ಮೇಲೆ ಕೂತಿದ್ದ.

ಆಗ ಬೇಲಿಯ ಆಚೆಯಿಂದ ಕೆರೆಯ ಕಾವಲುಗಾರ ಬಂದ. ಏನ್ ಸಾರ್, ಇವತ್ತು ಫ್ಯಾಮಿಲಿನಾ ಎಂದು ಕೇಳಿದ. ಮಾವ ಎದ್ದುನಿಂತು ಪಂಚೆ ಕೊಡವಿಕೊಂಡು ಪರಿಚಯ ಮಾಡಿಸಿದ.

“ನಮ್ಮಕ್ಕ. ಇವಳು ಅಕ್ಕನ ಮಗಳು, ಜಯನಗರದಲ್ಲಿ ಆಫೀಸಲ್ಲವ್ಳೆ. ನಮ್ಮ ವಂಶಕ್ಕೇ ಮೊದಲನೇ ಡಿಗ್ರಿ.”

ಕಾವಲುಗಾರ ನನಗೆ ನಮಸ್ಕಾರ ಹೇಳಿದ. ಮಾವನ ಮಾತು ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಬೇಲಿಯ ತಂತಿಯನ್ನು ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದ:

“ಅವತ್ತು ನಾನು ಓದು ಬಿಡಿಸೋಕೆ ಹೋಗಿದ್ದೆ ಕಣಪ್ಪಾ. ನಮ್ಮಕ್ಕ ಬಿಡ್ಲಿಲ್ಲ. ಬಿಟ್ಟಿದ್ರೆ ಈ ಮಗೂಗೆ ನಾನೇ ಅನ್ಯಾಯ ಮಾಡ್ದಂಗೆ ಆಗಿರೋದು. ತಪ್ಪು ನಂದೇ.”

ಪಾಪ, ಆ ಕಾವಲುಗಾರನಿಗೆ ಏನು ತಿಳಿಯಬೇಕು? ಹದಿನಾಲ್ಕು ವರ್ಷದಿಂದ ಒಬ್ಬಳು ಕಾಯುತ್ತಿದ್ದ ಮಾತನ್ನು ಇವನಿಗೆ ಒಪ್ಪಿಸಲಾಗಿತ್ತು! ಅವನು ಹೌದಾ ಸಾರ್ ಎಂದು ತಲೆಯಾಡಿಸಿ, ಟೆಂಟಿಗೆ ಗೂಟ ಗಟ್ಟಿಯಾಗಿ ಹೊಡೆಯಿರಿ, ಗಾಳಿ ಜಾಸ್ತಿಯಿದೆ ಎಂದು ಹೇಳಿ ಹೋದ. ಅಮ್ಮ ಕೆರೆಯನ್ನೇ ನೋಡುತ್ತಿದ್ದಳು. ಅಲ್ಲೊಂದು ಬಾತು ಇತ್ತು. ಅದರ ಮೇಲೆ ಅಷ್ಟೊಂದು ಆಸಕ್ತಿ ಯಾರಿಗೂ ಇರಲಾರದು.

ಮಾವ ಬಾಗಿನ ತರುತ್ತೇನೆಂದು ಹಲಗೆ ದಾಟಿ ಟೆಂಟಿನೊಳಗೆ ಹೋದ. ಐದು ನಿಮಿಷವಾಯಿತು, ಹತ್ತಾಯಿತು, ಬರಲಿಲ್ಲ. ಅಲ್ಲೇನು ಮಾಡುತ್ತಿದ್ದಾನೆ ನೋಡು ಎಂದಳು ಅಮ್ಮ. ನಾನು ಬಗ್ಗಿ ನೋಡಿದೆ. ಬೆಳಗಿನ ಜಾವದಿಂದ ತೋರಣ ಕಟ್ಟಿ, ಕಮಲ ಬಿಡಿಸಿ, ಪಂಚೆ ಉಟ್ಟು ಕಾದ ಮನುಷ್ಯ, ಬಾಗಿನದ ಮೊರವನ್ನು ಪಕ್ಕದಲ್ಲಿಟ್ಟುಕೊಂಡು ಅದರ ಮೇಲೆ ಒಂದು ಕೈಯಿಟ್ಟು ನಿದ್ದೆಹೋಗಿದ್ದ.

“ನಿದ್ದೆ ಮಾಡ್ತವ್ನೆ ಅಮ್ಮ.”

ಕರೆದವರನ್ನು ಬಾಗಿಲಲ್ಲಿ ಕೂರಿಸಿ ಮಲಗುವ ಮರ್ಯಾದೆಯನ್ನು ಇವನಿಗೆ ಯಾರು ಕಲಿಸಿದರೋ ಎಂದು ಅಮ್ಮ ಬೈಯತೊಡಗಿದಳು. ಕಲಿಸಿದವಳು ತಾನೇ ಎಂಬುದು ಮರೆತಿತ್ತು. ಬೈಯುತ್ತಲೇ ಎದ್ದು ಬಂದು ನನ್ನ ಹೆಗಲ ಮೇಲಿಂದ ಇಣುಕಿದಳು. ಕೆರೆಯ ಸೊಳ್ಳೆಗಳು ಅವನ ಮುಖದ ಮೇಲೆ ಹಬ್ಬ ಮಾಡುತ್ತಿದ್ದವು. ಅಯ್ಯೋ ತಿಂದುಹಾಕ್ತಾವಲ್ಲೇ ಎಂದವಳು ನನ್ನನ್ನು ಪಕ್ಕಕ್ಕೆ ತಳ್ಳಿ, ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಒಳಗೆ ಹೋದಳು. ಹಲಗೆ ದಾಟಿದ್ದು ಅವಳಿಗೆ ತಿಳಿಯಿತೋ ಇಲ್ಲವೋ. ನಾನು ನೆನಪಿಸಲು ಹೋಗಲಿಲ್ಲ.

ಅಮ್ಮ ಮಂಡಿಯೂರಿ ಕೂತು ಅವನ ಹಣೆಯ ಮೇಲಿದ್ದ ಸೊಳ್ಳೆಗೆ ಪಟ್ ಎಂದು ಹೊಡೆದಳು. ಹೊಡೆತ ಸ್ವಲ್ಪ ಜೋರಾಗಿಯೇ ಇತ್ತು, ಹದಿನಾಲ್ಕು ವರ್ಷದ್ದು ಅದರಲ್ಲಿ ಸೇರಿತ್ತೋ ಏನೋ. ಮಾವ ಅರ್ಧ ಕಣ್ಣು ಬಿಟ್ಟ. ಹಸಿರು ಬಟ್ಟೆಯ ಮಬ್ಬು ಬೆಳಕಿನಲ್ಲಿ ತನ್ನ ಮೇಲೆ ಬಗ್ಗಿದ್ದ ಮುಖವನ್ನು ನೋಡಿದ. ಅರವತ್ತೊಂದು ವರ್ಷದ, ಹನ್ನೊಂದು ಮನೆಯ ಓನರ್ ನಿದ್ದೆಗಣ್ಣಿನಲ್ಲಿ ಕೇಳಿದ:

“ಅಕ್ಕ, ಸ್ಕೂಲಿಗೆ ಹೊತ್ತಾಯ್ತಾ?”

ಅಮ್ಮನ ಕೈ ಅವನ ಹಣೆಯ ಮೇಲೆಯೇ ನಿಂತಿತು. ಆಮೇಲೆ ಸೆರಗಿನ ತುದಿಯಿಂದ ಸೊಳ್ಳೆ ಓಡಿಸುತ್ತ ಹೇಳಿದಳು:

“ಇಲ್ಲ ಕಣೋ. ಇನ್ನೂ ಹೊತ್ತೈತೆ, ಮಲಕ್ಕೋ.”